ಸೈಕಿಯಾಟ್ರಿ ಮೆಂಟರ್‌ಶಿಪ್: ಎಂಬಿಬಿಎಸ್ ವಿದ್ಯಾರ್ಥಿಯ ಕೈಗೆ ನಿಜಕ್ಕೂ ಸಿಗುವುದೇನು?

ಮುಂದೆ ಸೈಕಿಯಾಟ್ರಿಯನ್ನೇ, ಅಂದರೆ ಮನೋವೈದ್ಯಶಾಸ್ತ್ರವನ್ನೇ, ಓದಬೇಕು ಎಂದು ಎಂಬಿಬಿಎಸ್‌ನಲ್ಲಿರುವಾಗಲೇ ಮನಸ್ಸು ಮಾಡಿದವರಿಗೆ ನಮ್ಮ ರಾಜ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಸಿಗುವ ಮಾರ್ಗದರ್ಶನದ ವಿಮರ್ಶೆ ಇದು. ಯಾವುದೋ ಒಂದು ಕಾಲೇಜನ್ನು ಹಿಡಿದು ಹೇಳುತ್ತಿಲ್ಲ. ಪೋಸ್ಟಿಂಗ್ (ವಿಭಾಗದಲ್ಲಿ ಕಡ್ಡಾಯವಾಗಿ ಕಳೆಯುವ ವಾರಗಳು), ಇಲೆಕ್ಟಿವ್ (ವಿದ್ಯಾರ್ಥಿಯೇ ಆರಿಸಿಕೊಳ್ಳುವ ವಿಷಯದ ಅವಧಿ), ಮೆಂಟರ್-ಮೆಂಟಿ ಪಟ್ಟಿ (ಯಾವ ವಿದ್ಯಾರ್ಥಿಗೆ ಯಾವ ಮಾರ್ಗದರ್ಶಕರು ಎಂಬ ಪಟ್ಟಿ) ಎಂಬ ಮೂರು ಹೆಸರಿನಲ್ಲಿ ಎಲ್ಲ ಕಡೆ ಇರುವ ವ್ಯವಸ್ಥೆಯನ್ನು ತೂಗಿ ನೋಡುತ್ತಿದ್ದೇವೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ವಿದ್ಯಾರ್ಥಿ ರೋಗಿಯನ್ನು ಮಾತಾಡಿಸುವಾಗ ಮೆಂಟರ್ ಅದೇ ಕೋಣೆಯಲ್ಲಿ ಕೂತು ನೋಡಬೇಕು. ಆಮೇಲೆ ವಿದ್ಯಾರ್ಥಿ ಬರೆದುಕೊಂಡು ಬಂದದ್ದನ್ನು ಅದೇ ದಿನ ಕೆಂಪು ಪೆನ್ನಿನಲ್ಲಿ ತಿದ್ದಬೇಕು. ಇದು ವಾರಕ್ಕೆ ಎರಡು ಸಲ ನಡೆಯುವ ವಿಭಾಗಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದು. ನಡೆಯದ ಕಡೆ ವೆಬಿನಾರ್, ಪೋಸ್ಟರ್, ಕ್ವಿಜ್, ಸರ್ಟಿಫಿಕೇಟ್ ಎಲ್ಲ ಇದ್ದರೂ ಎರಡಕ್ಕಿಂತ ಹೆಚ್ಚು ಕೊಡಲು ಆಗುವುದಿಲ್ಲ.

ನಿಯಮದಲ್ಲಿ ಇರುವುದು

ಮೊದಲೆಲ್ಲ ಸೈಕಿಯಾಟ್ರಿ ಪೋಸ್ಟಿಂಗ್ ಎಂದರೆ ಎರಡು ವಾರ, ಮುಗಿಯಿತು. 2019ರ ಪಠ್ಯಕ್ರಮದಲ್ಲಿ ಅದು ಎರಡು ಕಂತಾಗಿ ಒಟ್ಟು ನಾಲ್ಕು ವಾರವಾಯಿತು. 2021ರ ಇಂಟರ್ನ್‌ಶಿಪ್ ನಿಯಮ ಹೌಸ್ ಸರ್ಜನ್‌ಗಳಿಗೆ ಎರಡು ವಾರ ಸೈಕಿಯಾಟ್ರಿಯನ್ನು ಕಡ್ಡಾಯ ಮಾಡಿತು. ಇದರ ಮೇಲೆ ಇಲೆಕ್ಟಿವ್ ಇದೆ: 2019ರ ನಿಯಮದಲ್ಲಿ ನಾಲ್ಕು ವಾರದ ಎರಡು ಬ್ಲಾಕ್, ನಂತರದ ಮಾರ್ಗಸೂಚಿಯಲ್ಲಿ ಹದಿನೈದು ದಿನದ ಎರಡು ಬ್ಲಾಕ್. ಇಲೆಕ್ಟಿವ್‌ನಲ್ಲಿ ಶೇ 75 ಹಾಜರಾತಿ ಬೇಕು, ಮಾಡಿದ ಕೆಲಸ ಬರೆದಿಟ್ಟ ಲಾಗ್‌ಬುಕ್ ಒಪ್ಪಿಸಬೇಕು. ಪರೀಕ್ಷೆಯ ಮಟ್ಟಿಗೆ ಮಾತ್ರ ಸೈಕಿಯಾಟ್ರಿಗೆ ಪ್ರತ್ಯೇಕ ಪೇಪರ್ ಇಲ್ಲ, ಜನರಲ್ ಮೆಡಿಸಿನ್‌ನ ಎರಡನೇ ಪೇಪರ್‌ನೊಳಗೇ ಅದರ ಪ್ರಶ್ನೆಗಳು ಬರುತ್ತವೆ. ಹಾಗಾಗಿ ನೂರೈವತ್ತು ಜನರ ಬ್ಯಾಚಿನಲ್ಲಿ ಬಹುಪಾಲು ಮಂದಿ ಈ ಪೋಸ್ಟಿಂಗನ್ನು ಲೈಬ್ರರಿಗೆ ಹೋಗುವ ಬಿಡುವು ಎಂದೇ ಎಣಿಸುತ್ತಾರೆ. ಆಸಕ್ತಿ ಇರುವ ನಾಲ್ಕೈದು ಜನ ಆ ಗುಂಪಿನಲ್ಲಿ ಕಾಣುವುದೇ ಇಲ್ಲ. ಅವರನ್ನು ಗುರುತಿಸುವುದು ಮೆಂಟರ್‌ನ ಮೊದಲ ಕೆಲಸ. ರೌಂಡ್ಸ್ ಮುಗಿದ ಮೇಲೂ ರೋಗಿಯ ಮಂಚದ ಹತ್ತಿರ ನಿಂತು ಮಾತಾಡುತ್ತಿರುವವರನ್ನು ನೋಡಿದರೆ ಸಾಕು, ಗೊತ್ತಾಗುತ್ತದೆ.

ಇನ್ನೊಂದು ಸಂಗತಿ. ನಿಮ್ಹಾನ್ಸ್ ನಮ್ಮದೇ ಬೆಂಗಳೂರಿನಲ್ಲಿದೆ, ಆದ್ದರಿಂದ ಅಲ್ಲಿಗೆ ಹೋದರೆ ಎಲ್ಲ ಆಗುತ್ತದೆ ಎಂದು ವಿದ್ಯಾರ್ಥಿಗಳು ನಂಬಿರುತ್ತಾರೆ. ಅಲ್ಲಿ ಎಂಬಿಬಿಎಸ್ ಕೋರ್ಸೇ ಇಲ್ಲ. ಅದು ಸ್ನಾತಕೋತ್ತರ ಮತ್ತು ಅದರ ಮೇಲಿನ ತರಬೇತಿಯ ಸಂಸ್ಥೆ. ಕಾಲೇಜಿನ ಪತ್ರದೊಂದಿಗೆ ಕೆಲವು ದಿನ ನೋಡಿ ಬರುವುದು ಒಳ್ಳೆಯದೇ. ಅಲ್ಲಿನ ಮಿದುಳು ಸಂಗ್ರಹಾಲಯದಲ್ಲಿ ನಿಜವಾದ ಮಿದುಳನ್ನು ಕೈಯಲ್ಲಿ ಮುಟ್ಟಿ ನೋಡಬಹುದು. ಆದರೆ ವಾರವಾರವೂ ಕೂತು ತಿದ್ದುವ ಮೆಂಟರ್ ಬೇಕಿದ್ದರೆ ಅವರು ನಿಮ್ಮ ಕಾಲೇಜಿನಲ್ಲೇ ಇರಬೇಕು.

ಒಂದು ಒಳ್ಳೆಯ ಸಿಟ್ಟಿಂಗ್ ಹೇಗಿರುತ್ತದೆ

ಮೊದಲು ಮೆಂಟರ್ ರೋಗಿಯ ಒಪ್ಪಿಗೆ ಕೇಳುತ್ತಾರೆ, ವಿದ್ಯಾರ್ಥಿಯನ್ನು ವಿದ್ಯಾರ್ಥಿ ಎಂದೇ ಪರಿಚಯಿಸುತ್ತಾರೆ. "ಇವರು ಓದುತ್ತಿರುವ ಡಾಕ್ಟ್ರು, ನಿಮ್ಮ ಹತ್ತಿರ ಸ್ವಲ್ಪ ಹೊತ್ತು ಮಾತಾಡಬಹುದಾ?" ಇಷ್ಟು ಸಾಕು. ವಿದ್ಯಾರ್ಥಿಯ ಕುರ್ಚಿ ಬಾಗಿಲಿಗೆ ಹತ್ತಿರ, ರೋಗಿಯ ಎದುರಿಗೆ ನೇರವಾಗಿ ಅಲ್ಲದೆ ಸ್ವಲ್ಪ ಓರೆಯಾಗಿ ಇರಬೇಕು. ಉನ್ಮಾದದ ಭರದಲ್ಲಿರುವ ರೋಗಿಯಾದರೆ ಹೊರಗೆ ಅಟೆಂಡರ್ ಇರಬೇಕು. ವಿದ್ಯಾರ್ಥಿನಿಯನ್ನು ಅಂಥ ಸಂದರ್ಶನಕ್ಕೆ ಒಬ್ಬಳನ್ನೇ ಕಳುಹಿಸುವ ವಿಭಾಗಕ್ಕೆ ನಾವು ಅಂಕ ಕಡಿಯುತ್ತೇವೆ.

ಮೊದಲ ಐದು ನಿಮಿಷ ವಿದ್ಯಾರ್ಥಿ ಕಾಗದ ತೆಗೆಯಬಾರದು. ರೋಗಿ ತನ್ನ ಮಾತಿನಲ್ಲೇ ಹೇಳಲಿ. ನಮ್ಮಲ್ಲಿ ಖಿನ್ನತೆ ಇರುವವರು "ಬೇಜಾರು" ಎಂದು ಶುರು ಮಾಡುವುದು ಕಡಿಮೆ. ಮೈ ಉರಿ, ಸುಸ್ತು, ತಲೆ ಜೋಮು, ಎದೆ ಡವಡವ ಅನ್ನುವುದು ಎಂದೇ ಬರುತ್ತಾರೆ. ಅಷ್ಟರಲ್ಲಿ ವಿದ್ಯಾರ್ಥಿ ಅಡ್ಡ ಬಾಯಿ ಹಾಕಿ "ಎಷ್ಟು ದಿನದಿಂದ?" ಎಂದು ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಆಮೇಲಿನ ಇಪ್ಪತ್ತೈದು ನಿಮಿಷ ಕ್ರಮವಾಗಿ ನಿದ್ದೆ, ಊಟ, ಕೆಲಸ, ಕುಡಿತ, ಮನೆಯವರ ಮಾತು, ಹಿಂದಿನ ಚಿಕಿತ್ಸೆ. ಕೊನೆಯ ಹತ್ತು ನಿಮಿಷ ಮನಃಸ್ಥಿತಿ ಪರೀಕ್ಷೆ, ವಾರ್ಡಿನ ಭಾಷೆಯಲ್ಲಿ ಎಂಎಸ್ಇ.

ಈ ಎಂಎಸ್ಇ ಹಂತದಲ್ಲೇ ಮೆಂಟರ್‌ನ ಬೆಲೆ ತಿಳಿಯುವುದು. ಪುಸ್ತಕದಲ್ಲಿ ನೂರರಿಂದ ಏಳೇಳು ಕಳೆಯಿರಿ ಎಂದಿರುತ್ತದೆ. ಶಾಲೆಗೇ ಹೋಗದ ಅರವತ್ತರ ಅಜ್ಜಿಗೆ ಇದನ್ನು ಕೇಳಿ, ಉತ್ತರ ಬರಲಿಲ್ಲವೆಂದು "ಗಮನ ಕುಗ್ಗಿದೆ" ಎಂದು ಬರೆದರೆ ಅದು ತಪ್ಪು ದಾಖಲೆ. ನೂರು ರೂಪಾಯಿ ಕೊಟ್ಟು ಮೂವತ್ತೈದು ರೂಪಾಯಿಯ ಸಾಮಾನು ತಂದರೆ ಚಿಲ್ಲರೆ ಎಷ್ಟು ಬರಬೇಕು ಎಂದು ಕೇಳಿದರೆ ಆಕೆ ಕಣ್ಣು ಮಿಟುಕಿಸುವುದರೊಳಗೆ ಹೇಳುತ್ತಾರೆ. ದಿನಾಂಕ ಕೇಳುವ ಬದಲು ಇವತ್ತು ಯಾವ ವಾರ, ನಿಮ್ಮೂರಿನ ಸಂತೆ ಯಾವತ್ತು, ಅಮಾವಾಸ್ಯೆ ಆಗಿ ಎಷ್ಟು ದಿನವಾಯಿತು ಎಂದು ಕೇಳಬೇಕು. ಗಾದೆಯ ಅರ್ಥ ಕೇಳುವುದಾದರೆ ರೋಗಿ ಬಲ್ಲ ಗಾದೆಯನ್ನೇ ಆರಿಸಬೇಕು. "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬುದಕ್ಕೆ "ಮಂಚ ಚಿಕ್ಕದಿದ್ದರೆ ಕಾಲು ಮಡಚಬೇಕು" ಎಂಬ ಉತ್ತರ ಬಂದರೆ ಆ ಉತ್ತರವನ್ನು ಇದ್ದ ಹಾಗೇ ಬರೆದುಕೊಳ್ಳಬೇಕು, ತೀರ್ಮಾನ ಆಮೇಲೆ.

ಆತ್ಮಹತ್ಯೆಯ ಪ್ರಶ್ನೆ ಬಂದಾಗ ವಿದ್ಯಾರ್ಥಿಗಳು ತಡವರಿಸುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುತ್ತದೆ ಎಂಬ ಭಯ. ಹಾಗಾಗುವುದಿಲ್ಲ, ಕೇಳಿದ್ದರಿಂದ ಬಹಳ ಸಲ ರೋಗಿಗೆ ಹಗುರವಾಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವುದನ್ನು ಮೆಂಟರ್ ಎದುರಿಗೇ ಮಾಡಿ ತೋರಿಸಬೇಕು: "ಇದೆಲ್ಲ ಸಾಕಪ್ಪಾ ಅನ್ನಿಸಿದ್ದುಂಟಾ?", "ಸತ್ತರೆ ಒಳ್ಳೆಯದು ಅನ್ನಿಸಿದೆಯಾ?", "ಏನಾದರೂ ಮಾಡಿಕೊಳ್ಳಬೇಕು ಅಂತ ಯೋಚನೆ ಬಂದಿತ್ತಾ?", "ಹೇಗೆ ಅಂತ ಯೋಚಿಸಿದ್ರಿ?", "ಹಿಂದೆ ಯಾವಾಗಲಾದರೂ?" ಅದರ ಮುಂದಿನ ಪ್ರಶ್ನೆಯನ್ನು ಹೊಸಬರು ಬಿಟ್ಟೇ ಬಿಡುತ್ತಾರೆ: ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದೆಯಾ, ಅದರ ಬೀಗದ ಕೈ ಯಾರ ಹತ್ತಿರ? ಹಳ್ಳಿಯಿಂದ ಬಂದ ರೋಗಿಯ ವಿಷಯದಲ್ಲಿ ಇದೇ ಮುಖ್ಯ ಪ್ರಶ್ನೆ, ಏಕೆಂದರೆ ಆವೇಶದ ಆ ಕ್ಷಣದಲ್ಲಿ ಕೈಗೆ ಸಿಗುವುದು ಅದೇ. "ನಾನು ಯಾರಿಗೂ ಹೇಳಲ್ಲ" ಎಂದು ವಿದ್ಯಾರ್ಥಿ ರೋಗಿಗೆ ಮಾತು ಕೊಡಬಾರದು. ಕೇಳಿಸಿಕೊಂಡದ್ದನ್ನು ಆ ಕೂಡಲೇ ಎಸ್.ಆರ್. (ಸೀನಿಯರ್ ರೆಸಿಡೆಂಟ್ ವೈದ್ಯರು) ಅಥವಾ ಮೆಂಟರ್‌ಗೆ ತಿಳಿಸಬೇಕು, ಊಟ ಮಾಡಿ ಬಂದು ಹೇಳಿದರಾಯಿತು ಎನ್ನುವಂತಿಲ್ಲ. ಕ್ಯಾಶುಯಾಲ್ಟಿಯಲ್ಲಿ ಕೇಸ್ ತೆಗೆದುಕೊಳ್ಳುವವರಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ಕೂಡ ಗೊತ್ತಿರಬೇಕು. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ. ಇದು ಗೊತ್ತಿದ್ದ ಹುಡುಗ ಅಥವಾ ಹುಡುಗಿ ಗದರುವ ದನಿಯಲ್ಲಿ ಪ್ರಶ್ನೆ ಕೇಳುವುದಿಲ್ಲ.

ತಿದ್ದುವಾಗ ಕೆಂಪು ಗೆರೆ ಬೀಳುವ ಜಾಗಗಳು ಹೆಚ್ಚೂಕಮ್ಮಿ ಇವೇ. "ಮನಸ್ಥಿತಿ: ದುಃಖ" ಎಂದು ಒಂದೇ ಪದ ಬರೆದಿರುತ್ತಾರೆ, ರೋಗಿ ತನ್ನ ಬಾಯಲ್ಲಿ ಹೇಳಿದ್ದು ಬೇರೆ, ಮುಖದಲ್ಲಿ ನಮಗೆ ಕಂಡದ್ದು ಬೇರೆ, ಎರಡಕ್ಕೂ ಎರಡು ಸಾಲು ಬೇಕು. ಪಕ್ಕದ ಹೊಲದವರು ತೊಂದರೆ ಕೊಡುತ್ತಾರೆ ಎಂದ ಕೂಡಲೇ "ಪರ್ಸಿಕ್ಯೂಟರಿ ಡಿಲ್ಯೂಷನ್" (ಯಾರೋ ತನಗೆ ಕೇಡು ಮಾಡುತ್ತಿದ್ದಾರೆಂಬ ಭ್ರಮೆ) ಎಂದು ಬರೆದಿರುತ್ತಾರೆ. ನಿಜವಾಗಿಯೂ ಜಮೀನಿನ ತಕರಾರು ಕೋರ್ಟಿನಲ್ಲಿದೆಯೇ ಎಂದು ಜೊತೆಗೆ ಬಂದವರನ್ನು ಕೇಳಿರುವುದಿಲ್ಲ. ಮಾಟ ಮಾಡಿಸಿದ್ದಾರೆ ಎನ್ನುವುದೂ ಹಾಗೆಯೇ. ಇಡೀ ಮನೆಯೇ ನಂಬುವ ಮಾತಾದರೆ ಅದರ ತೂಕ ಒಂದು, ಮನೆಯವರೆಲ್ಲ ಇಲ್ಲವೆಂದರೂ ಒಬ್ಬರೇ ಅಲುಗಾಡದೆ ಹಿಡಿದ ನಂಬಿಕೆಯಾದರೆ ಅದರ ತೂಕ ಇನ್ನೊಂದು. "ಇನ್‌ಸೈಟ್ ಇಲ್ಲ", ಅಂದರೆ ತನ್ನ ಕಾಯಿಲೆಯ ಅರಿವಿಲ್ಲ, ಎಂದು ಕೈತೊಳೆದುಕೊಳ್ಳುವುದೂ ಸಾಮಾನ್ಯ. ಕಾಯಿಲೆ ಇದೆ ಎಂದು ಒಪ್ಪುತ್ತಾರೆಯೇ, ಅದು ಮನಸ್ಸಿನದ್ದು ಎಂದು ಒಪ್ಪುತ್ತಾರೆಯೇ, ಮಾತ್ರೆ ತೆಗೆದುಕೊಳ್ಳುತ್ತಾರೆಯೇ ಎಂಬ ಮೂರು ಪ್ರಶ್ನೆ ಬೇರೆ ಬೇರೆಯಾಗಿ ಕೇಳಿದರೆ ಉತ್ತರವೂ ಬೇರೆ ಬೇರೆಯಾಗಿ ಬರುತ್ತದೆ.

ಹೀಗೆ ತಿದ್ದಿಸಿಕೊಂಡ ಹತ್ತು ಕೇಸ್, ನೋಡದೆ ಸಹಿ ಬಿದ್ದ ಐವತ್ತು ಕೇಸ್‌ಗಿಂತ ಮೇಲು.

ವಾರ್ಡ್ ಒಂದೇ ತೋರಿಸಿದರೆ ಏನಾಗುತ್ತದೆ

ಬಹುತೇಕ ಪೋಸ್ಟಿಂಗ್‌ಗಳ ದೊಡ್ಡ ದೋಷ ಇದು. ವಾರ್ಡಿನಲ್ಲಿ ಇರುವವರು ಕಾಯಿಲೆಯ ತೀರಾ ಕೆಟ್ಟ ವಾರದಲ್ಲಿ ಇರುವವರು. ಅವರನ್ನಷ್ಟೇ ನೋಡಿದ ವಿದ್ಯಾರ್ಥಿ "ಇಲ್ಲಿ ಯಾರೂ ವಾಸಿಯಾಗುವುದಿಲ್ಲ" ಎಂದುಕೊಂಡು ಡರ್ಮಟಾಲಜಿ ಕಡೆ ಹೊರಳುತ್ತಾನೆ. ಮೆಂಟರ್ ತನ್ನ ಫಾಲೋಅಪ್ ಓಪಿಡಿಯಲ್ಲಿ ವಿದ್ಯಾರ್ಥಿಯನ್ನು ಕೂರಿಸಿಕೊಳ್ಳಲೇಬೇಕು. ಅಲ್ಲಿ ಬರುವವರಲ್ಲಿ ಅಂಗಡಿ ನಡೆಸುವವರು, ಬಸ್ ಓಡಿಸುವವರು, ಮಗಳ ಮದುವೆಯ ಕರೆಯೋಲೆ ಹಿಡಿದು ಬರುವವರು ಇರುತ್ತಾರೆ. ನಾಲ್ಕು ವರ್ಷದಿಂದ, ಮನಸ್ಸಿನ ಏರಿಳಿತ ತಡೆಯುವ ಲಿಥಿಯಂ ಮಾತ್ರೆಯ ಮೇಲೆ ನೆಮ್ಮದಿಯಾಗಿರುವವರ ಫೈಲು ತಿರುವಿದರೆ ಈ ವೃತ್ತಿಯ ಬಗ್ಗೆ ಉಪನ್ಯಾಸ ಬೇಕಾಗುವುದಿಲ್ಲ. ಕಲಿಕೆಯೂ ಅಲ್ಲೇ ಆಗುತ್ತದೆ: ಲಿಥಿಯಂ ಮಟ್ಟ ನೋಡುವ ರಕ್ತವನ್ನು ಕೊನೆಯ ಮಾತ್ರೆ ನುಂಗಿ 12 ಗಂಟೆಯಾದ ಮೇಲೆ ತೆಗೆಯಬೇಕು. ಬೆಳಗಿನ ಮಾತ್ರೆ ನುಂಗಿ ಬಂದವರ ರಕ್ತ ತೆಗೆದರೆ ಮಟ್ಟ ಸುಳ್ಳು ಸುಳ್ಳೇ ಹೆಚ್ಚು ತೋರಿಸುತ್ತದೆ. ಗೊತ್ತಿಲ್ಲದವರು ಸರಿಯಿದ್ದ ಡೋಸನ್ನು ಇಳಿಸಿಬಿಡುತ್ತಾರೆ.

ಎರಡನೆಯದು ರೆಫರಲ್ ಕರೆ. ಮೂಳೆ ಮುರಿದು ಆರ್ಥೋ ವಾರ್ಡಿಗೆ ಸೇರಿದವರು ಮೂರನೇ ದಿನ ಕೈ ನಡುಗಿಸುತ್ತ, ಬೆವರುತ್ತ, ಗೋಡೆಯ ಮೇಲೆ ಹುಳ ಹರಿಯುತ್ತಿದೆ ಎನ್ನುತ್ತ ಡ್ರಿಪ್ ಕಿತ್ತುಕೊಳ್ಳುತ್ತಾರೆ. "ಮೆಂಟಲ್ ಆಗಿದ್ದಾರೆ, ಬನ್ನಿ" ಎಂದು ಕರೆ ಬರುತ್ತದೆ. ಮೆಂಟರ್ ಜೊತೆ ಹೋದ ವಿದ್ಯಾರ್ಥಿ ಮೊದಲು ಕಲಿಯುವುದು ಮನೆಯವರನ್ನು ಕೇಳುವುದು: ಕೊನೆಯ ಸಲ ಕುಡಿದದ್ದು ಯಾವಾಗ, ದಿನಕ್ಕೆ ಎಷ್ಟು? ದಿನವೂ ಕುಡಿಯುವವರಿಗೆ ಕುಡಿತ ಥಟ್ಟನೆ ನಿಂತರೆ ಹೀಗಾಗುವುದುಂಟು. ಆಮೇಲೆ ನಾಡಿ, ಬಿಪಿ, ಜ್ವರ, ಶುಗರ್, ಸೋಡಿಯಂ, ತಲೆಗೆ ಪೆಟ್ಟು ಬಿದ್ದಿದೆಯೇ ಎಂಬ ವಿಚಾರಣೆ. ಗ್ಲೂಕೋಸ್ ಏರಿಸುವ ಮೊದಲು ಥಯಮಿನ್ (ಬಿ1 ವಿಟಮಿನ್) ಹೋಗಬೇಕು. ಶಾಂತಗೊಳಿಸುವ ಔಷಧಿಯಾಗಿ, ಲಿವರ್ ಕೆಟ್ಟಿದ್ದರೆ ಡಯಾಜೆಪಾಮ್ ಬದಲು ಲೊರಾಜೆಪಾಮ್. ಈ ಒಂದು ಕರೆಯಲ್ಲಿ ಸೈಕಿಯಾಟ್ರಿ ಎಂದರೆ ಪೂರ್ಣ ವೈದ್ಯಕೀಯ ಎಂಬುದು ಅರ್ಥವಾದಷ್ಟು ಬೇರೆಲ್ಲೂ ಆಗುವುದಿಲ್ಲ. "ಸೈಕಿಯಾಟ್ರಿಗೆ ಹೋದರೆ ಮೆಡಿಸಿನ್ ಮರೆತುಹೋಗುತ್ತದೆ" ಎನ್ನುವ ಬೇರೆ ವಿಭಾಗದವರ ಮಾತಿಗೂ ಉತ್ತರ ಅಲ್ಲೇ ಇದೆ.

ಇಸಿಟಿಯನ್ನೂ, ಅಂದರೆ ತಲೆಗೆ ವಿದ್ಯುತ್ ಹಾಯಿಸಿ ಸೆಳವು ಬರಿಸುವ ಚಿಕಿತ್ಸೆಯನ್ನೂ, ಒಮ್ಮೆ ಹತ್ತಿರದಿಂದ ನೋಡಬೇಕು. ಸಿನಿಮಾದಲ್ಲಿ ನೋಡಿ ಬಂದ ಭಯ ಹೋಗಲು ಬೇರೆ ದಾರಿ ಇಲ್ಲ. ಖಾಲಿ ಹೊಟ್ಟೆ, ಒಪ್ಪಿಗೆ ಪತ್ರ, ಅರಿವಳಿಕೆ ತಜ್ಞರು, ಬಾಯಿಗೆ ಮೌತ್ ಗಾರ್ಡ್. ಸ್ನಾಯು ಸಡಿಲಿಸುವ ಸಕ್ಸಿನೈಲ್‌ಕೋಲಿನ್ ಕೊಡುವ ಮೊದಲು ಒಂದು ಕಾಲಿಗೆ ಬಿಪಿ ಕಫ್ ಬಿಗಿದಿರುತ್ತಾರೆ. ಔಷಧಿ ಆ ಕಫ್ಫಿನ ಕೆಳಗೆ ಇಳಿಯುವುದಿಲ್ಲವಾದ್ದರಿಂದ ಸೆಳವಿನಿಂದ ಆಗುವ ಪಾದದ ಅದುರುವಿಕೆ ಮಾತ್ರ ಕಾಣುತ್ತದೆ, ಅದನ್ನು ಸೆಕೆಂಡ್ ಲೆಕ್ಕದಲ್ಲಿ ಅಳೆಯುತ್ತಾರೆ. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಕಾಯ್ದೆಯ 95ನೇ ಸೆಕ್ಷನ್ ನಿಷೇಧಿಸಿದೆ.

ಆಸ್ಪತ್ರೆಯಿಂದ ಹೊರಗೆ ಕರೆದುಕೊಂಡು ಹೋಗುವ ಮೆಂಟರ್ ಸಿಕ್ಕರೆ ಅದೃಷ್ಟ. ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ನಮ್ಮ ರಾಜ್ಯದಲ್ಲಿ ಮನೋಚೈತನ್ಯದ ಹೆಸರಿನಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರ ಕ್ಲಿನಿಕ್ ನಡೆಸುವ ಏರ್ಪಾಡಿದೆ. ಒಂದು ಮಂಗಳವಾರ ಅಲ್ಲಿ ಕೂತರೆ, ಎರಡು ಬಸ್ ಬದಲಿಸಿ ಬಂದವರು ಮಾತ್ರೆ ಯಾಕೆ ಬಿಡುತ್ತಾರೆ ಎಂಬುದು ತಿಳಿಯುತ್ತದೆ: ಒಂದು ದಿನದ ಕೂಲಿ ಹೋಗುತ್ತದೆ, ಸ್ಟಾಕ್ ಮುಗಿದಿರುತ್ತದೆ, ಇಲ್ಲವೇ ನಿದ್ದೆ ಜಾಸ್ತಿಯಾಗಿ ಬೆಳಗಿನ ಹಾಲು ಕರೆಯಲು ಏಳಲಾಗುವುದಿಲ್ಲ. ಡೋಸನ್ನು ರಾತ್ರಿ ಸ್ವಲ್ಪ ಬೇಗ ಕೊಟ್ಟರೆ ಮೂರನೆಯದಕ್ಕೆ ಪರಿಹಾರ ಸಿಗುತ್ತದೆ. ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ನೂರಕ್ಕೆ 10.6 ಮಂದಿಗೆ ಮಾನಸಿಕ ತೊಂದರೆ ಕಂಡಿತ್ತು, ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಹೀಗೆ ತಾಲ್ಲೂಕಿಗೆ ಹೋಗಿ ಬಂದ ವಿದ್ಯಾರ್ಥಿಗೆ ಆ ಅಂಕಿಯ ಹಿಂದಿನ ಕಾರಣ ಕಣ್ಣಿಗೆ ಕಂಡಿರುತ್ತದೆ.

ಎಡವುವ ಜಾಗಗಳು

ಮೆಂಟರ್-ಮೆಂಟಿ ಪಟ್ಟಿ ಆಫೀಸಿನಲ್ಲಿ ರೋಲ್ ನಂಬರ್ ಹಿಡಿದು ತಯಾರಾಗುತ್ತದೆ. ಸೈಕಿಯಾಟ್ರಿ ಬೇಕೆನ್ನುವವರು ಅನಾಟಮಿ ಮೇಡಂ ಪಾಲಿಗೆ, ಸರ್ಜರಿ ಬೇಕೆನ್ನುವವರು ಸೈಕಿಯಾಟ್ರಿಯವರ ಪಾಲಿಗೆ ಬೀಳುವುದು ಮಾಮೂಲು. ಪಟ್ಟಿ ಬದಲಾಯಿಸಲು ಹೋರಾಡಬೇಡಿ. ಪಟ್ಟಿಯ ಮೆಂಟರ್ ಹಾಜರಾತಿ, ಹಾಸ್ಟೆಲ್ ವಿಷಯಕ್ಕೆ ಇರಲಿ; ಸೈಕಿಯಾಟ್ರಿ ವಿಭಾಗದಲ್ಲಿ ಇನ್ನೊಬ್ಬರನ್ನು ಕೇಳಿಕೊಳ್ಳಿ. ಪ್ರೊಫೆಸರ್ ಆಗಿರಬೇಕೆಂದಿಲ್ಲ. ಮೂರು-ನಾಲ್ಕು ವರ್ಷದ ಹಿಂದೆ ಎಂಡಿ ಮುಗಿಸಿದ ಅಸಿಸ್ಟೆಂಟ್ ಪ್ರೊಫೆಸರ್‌ಗೆ ತಿದ್ದಲು ಸಮಯವೂ ಇರುತ್ತದೆ, ಪಿಜಿ ಪ್ರವೇಶದ ಈಗಿನ ಪರಿಸ್ಥಿತಿಯೂ ಗೊತ್ತಿರುತ್ತದೆ. ಒಬ್ಬ ಮೆಂಟರ್‌ಗೆ ಮೂರು ವಿದ್ಯಾರ್ಥಿ ಸರಿ, ಐದಾದರೆ ತಿದ್ದುವುದು ನಿಲ್ಲುತ್ತದೆ.

ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಇಲ್ಲಿ: ತಮ್ಮ ಮನಸ್ಸಿನ ನೋವೇ ಕೆಲವರನ್ನು ಈ ವಿಷಯದ ಕಡೆ ಎಳೆದು ತಂದಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ, ಅಂಥವರು ಒಳ್ಳೆಯ ಮನೋವೈದ್ಯರಾಗಬಲ್ಲರು. ಆದರೆ ಮೆಂಟರ್ ಅವರಿಗೆ ಚಿಕಿತ್ಸೆ ಕೊಡಬಾರದು. ಇಂದು ಮಾತ್ರೆ ಬರೆದುಕೊಟ್ಟವರೇ ನಾಳೆ ವೈವಾದಲ್ಲಿ ಎದುರು ಕೂತರೆ ಚಿಕಿತ್ಸೆಯೂ ಕೆಡುತ್ತದೆ, ಪಾಠವೂ ಕೆಡುತ್ತದೆ. ಕಾಲೇಜಿನ ಹೊರಗಿನ ವೈದ್ಯರ ಬಳಿ ಕಳುಹಿಸಬೇಕು, ಆಮೇಲೆ ಅಲ್ಲಿ ಏನಾಯಿತು ಎಂದು ಕೆದಕಬಾರದು. ಮಧ್ಯರಾತ್ರಿ ಯಾರೊಂದಿಗಾದರೂ ಮಾತಾಡಲೇಬೇಕು ಅನ್ನಿಸಿದರೆ 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು. ಈ ನಂಬರನ್ನು ಮೊದಲ ಭೇಟಿಯಲ್ಲೇ ಎಲ್ಲ ವಿದ್ಯಾರ್ಥಿಗಳಿಗೂ ಕೊಟ್ಟುಬಿಡುವ ಮೆಂಟರ್ ಕಸುಬು ಬಲ್ಲವರು. ಆಗ ಯಾರೊಬ್ಬರ ಕಡೆಗೂ ಬೊಟ್ಟು ಮಾಡಿದಂತಾಗುವುದಿಲ್ಲ.

ಲಾಗ್‌ಬುಕ್‌ನಲ್ಲಿ ರೋಗಿಯ ಹೆಸರು, ಐಪಿ (ಒಳರೋಗಿ) ನಂಬರ್, ಊರು ಇರಬಾರದು. ವಯಸ್ಸು, ಲಿಂಗ, ಕೇಸಿನ ಸಾರ ಇಷ್ಟೇ. ಗೋಪ್ಯತೆ ರೋಗಿಯ ಹಕ್ಕು, ಕಾಯ್ದೆಯ 23ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಕೇಸ್ ಶೀಟಿನ ಫೋಟೋ ತೆಗೆದು ಬ್ಯಾಚಿನ ವಾಟ್ಸ್ಆಪ್ ಗುಂಪಿಗೆ ಹಾಕುವುದನ್ನು ನೋಡಿಯೂ ಸುಮ್ಮನಿರುವ ವಿಭಾಗ ಬೇರೇನನ್ನು ಕಲಿಸಿದರೂ ವ್ಯರ್ಥ.

ರಿಸರ್ಚ್ ಎಂಬ ಆಸೆಯ ಬಗ್ಗೆ ಒಂದು ಮಾತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅಥವಾ ಐಸಿಎಂಆರ್‌ನ ವಿದ್ಯಾರ್ಥಿ ಯೋಜನೆ, ಎಲ್ಲರೂ ಎಸ್‌ಟಿಎಸ್ ಎನ್ನುವುದು, ಎರಡು ತಿಂಗಳಲ್ಲಿ ಮುಗಿಯುವಷ್ಟು ಸಣ್ಣ ಪ್ರಶ್ನೆಗೆ ಒಳ್ಳೆಯ ಅವಕಾಶ. ಮುಗ್ಗರಿಸುವುದು ಎಥಿಕ್ಸ್ ಕಮಿಟಿಯ ಒಪ್ಪಿಗೆ ತಡವಾದಾಗ, ಇಲ್ಲವೇ ಅಷ್ಟು ದಿನದಲ್ಲಿ ಸಿಗದ ಅಪರೂಪದ ಕಾಯಿಲೆಯನ್ನು ಆರಿಸಿಕೊಂಡಾಗ. ಓಪಿಡಿಯಲ್ಲಿ ದಿನವೂ ಸಿಗುವ ರೋಗಿಗಳ ಬಗ್ಗೆ, ಕನ್ನಡದಲ್ಲಿ ಈಗಾಗಲೇ ಪರೀಕ್ಷಿಸಿ ನೋಡಿದ ಪ್ರಶ್ನಾವಳಿ ಇಟ್ಟುಕೊಂಡು ಹೊರಡುವುದು ಕ್ಷೇಮ. ಬೇರೆಯವರ ಥೀಸಿಸ್‌ನ ಎಕ್ಸೆಲ್ ಶೀಟ್ ತುಂಬಿಸುವುದಕ್ಕೆ ಮೆಂಟರ್‌ಶಿಪ್ ಎಂಬ ಹೆಸರು ಸಲ್ಲದು. ಲೇಖಕರ ಪಟ್ಟಿಯಲ್ಲಿ ಹೆಸರು ಬರುತ್ತದೆಯೇ ಎಂಬುದನ್ನು ಕೆಲಸ ಶುರುವಾಗುವ ಮೊದಲೇ ಕೇಳಬೇಕು. ಕೇಳಿದರೆ ಸಿಟ್ಟಾಗುವವರ ಹತ್ತಿರ ಆ ಕೆಲಸ ಬೇಡ.

ಮುಂದಿನ ದಾರಿಯ ಬಗ್ಗೆ ಮೆಂಟರ್ ಕೊಡಬೇಕಾದ ಮಾಹಿತಿ ಹೆಚ್ಚೇನಿಲ್ಲ, ಸರಿಯಾಗಿರಬೇಕು ಅಷ್ಟೆ. ಎಂಡಿ ಮೂರು ವರ್ಷ, ಬಹುತೇಕ ಸೀಟು ನೀಟ್ ಪಿಜಿ ಮೂಲಕ. ನಿಮ್ಹಾನ್ಸ್‌ಗೆ ಐಎನ್ಐ-ಸಿಇಟಿ ಎಂಬ ಬೇರೆ ಪರೀಕ್ಷೆ. ಆಮೇಲೆ ಬೇಕಿದ್ದರೆ ಮಕ್ಕಳ, ವ್ಯಸನದ, ವೃದ್ಧರ ಸೈಕಿಯಾಟ್ರಿಯಲ್ಲಿ ಎಂಡಿಯ ಮೇಲಿನ ಪದವಿಯಾದ ಡಿಎಂ. ಬ್ರಿಟನ್ ಕಡೆ ನೋಡುವವರಿಗೆ ಮೂರು ವರ್ಷದ ಕೋರ್ ಟ್ರೈನಿಂಗ್, ಅಲ್ಲಿನ ಮನೋವೈದ್ಯರ ಅರ್ಹತಾ ಪರೀಕ್ಷೆಯಾದ ಎಂಆರ್‌ಸಿಸೈಕ್‌ನ ಎರಡು ಲಿಖಿತ ಪೇಪರ್ ಮತ್ತು ಒಂದು ಕ್ಲಿನಿಕಲ್ ಪರೀಕ್ಷೆ. "ನೈಟ್ ಡ್ಯೂಟಿ ಇಲ್ಲ, ಆರಾಮ" ಎಂದು ಹೇಳಿ ಸೆಳೆಯುವ ಮೆಂಟರ್ ದಾರಿ ತಪ್ಪಿಸುತ್ತಿದ್ದಾರೆ. ರಾತ್ರಿ ಎರಡು ಗಂಟೆಗೆ ಕ್ಯಾಶುಯಾಲ್ಟಿಯಲ್ಲಿ ಇಂಜೆಕ್ಷನ್ ಬೇಡವೆಂದು ಹೊಡೆಯಲು ಬರುವವರನ್ನು ಶಾಂತ ಮಾಡುವುದೂ ಇದೇ ಕೆಲಸ.

"ಹುಚ್ಚರ ಡಾಕ್ಟರ್ ಆಗಿ ಏನು ಮಾಡ್ತೀಯಾ, ನಾಳೆ ಮದುವೆಗೆ ತೊಂದರೆ" ಎನ್ನುವ ಮನೆಯವರ ಮಾತು ಇನ್ನೂ ನಿಂತಿಲ್ಲ. ತಂದೆ ತಾಯಿ ಕಾಲೇಜಿಗೆ ಬಂದ ದಿನ ಹತ್ತು ನಿಮಿಷ ಅವರೊಂದಿಗೆ ಕೂರುವ ಮೆಂಟರ್ ಬಹಳ ದೊಡ್ಡ ಉಪಕಾರ ಮಾಡಿರುತ್ತಾರೆ. ವಾದ ಬೇಡ, ಓಪಿಡಿಯ ಸಾಲು ತೋರಿಸಿ, ಇಲ್ಲಿ ಕೂತಿರುವವರಲ್ಲಿ ನಿದ್ದೆ ಬಾರದವರು, ಹೆರಿಗೆಯಾದ ಮೇಲೆ ಮಂಕಾದವರು, ಪರೀಕ್ಷೆಯ ಭಯದ ಮಕ್ಕಳು ಎಂದು ಹೇಳಿದರೆ ಸಾಕು.

ಹಣ ಕೇಳುವ ಆನ್‌ಲೈನ್ ಮೆಂಟರ್‌ಶಿಪ್‌ಗಳನ್ನು ನಾವು ಶಿಫಾರಸು ಮಾಡುವುದಿಲ್ಲ. ರೋಗಿ ಎದುರಿಗೆ ಇಲ್ಲದಿದ್ದರೆ ತಿದ್ದಲು ಏನೂ ಇರುವುದಿಲ್ಲ. ಕಾಲೇಜಿನಲ್ಲಿ ಕೇಳಿಕೊಂಡರೆ ಇದಕ್ಕೆ ಬಿಡಿಗಾಸೂ ಬೇಡ. ಇಲೆಕ್ಟಿವ್‌ಗೆ ಕನಿಷ್ಠ ಎರಡು ತಿಂಗಳು ಮುಂಚೆ, ಓಪಿಡಿ ಮುಗಿಯುವ ಹೊತ್ತಿಗೆ ಹೋಗಿ. ನೀವೇ ಬರೆದ ಒಂದು ಕೇಸ್ ಕೈಯಲ್ಲಿರಲಿ. "ಮೇಡಂ, ಇದರಲ್ಲಿ ತಪ್ಪು ಎಲ್ಲಿದೆ ಹೇಳ್ತೀರಾ?" ಎಂದು ಕೇಳಿ. ಕೂತ್ಕೊಳ್ಳಿ ಎಂದು ಕುರ್ಚಿ ತೋರಿಸಿ ಪೆನ್ನು ತೆಗೆದವರ ಹತ್ತಿರವೇ ಸೇರಿಕೊಳ್ಳಿ. ಮೂರು ಸಲ ಹೋದರೂ "ನಾಳೆ ಬನ್ನಿ" ಎಂದರೆ ಬೇಸರ ಮಾಡಿಕೊಳ್ಳದೆ ಪಕ್ಕದ ಯೂನಿಟ್‌ಗೆ ಹೋಗಿ ಕೇಳಿ.